ಎರಡು ಸುಳಿ

ಕೂತ್ಕೊಳ್ಳಿ ಅಂದೆ. ಕೂತಿರಿ.
ಪ್ಲಾಸ್ಟಿಕ್ ಕುರ್ಚಿ, ನೀಲಿ ಕೊಡೆ, ರೋಸೋ ಬಂದರಿನ ಕಟ್ಟೆ.
ಹಿಂದೆ ನಿಮ್ಮ ಹದಿನಾಲ್ಕು ಅಂತಸ್ತಿನ ಹಡಗು
ನಮ್ಮ ಚರ್ಚಿನ ಗಡಿಯಾರದ ಮೇಲೆ ನೆರಳು ಚೆಲ್ಲಿ ನಿಂತಿತ್ತು.
ತಲೆ ತುಂಬ ಹೆಣೆಯಲು ಎಷ್ಟು? ಕೇಳಿದಿರಿ.
ನಲವತ್ತು ಜಡೆ, ನಲವತ್ತು ಡಾಲರ್ ಅಂದೆ.
ಮೂವತ್ತಕ್ಕೆ ಇಳಿಸಿದಿರಿ.
ಸೆಪ್ಟೆಂಬರ್ ಅಲ್ಲವೇ, ನಗುತ್ತ ನೀವೇ ಹೇಳಿದಿರಿ,
ಟಿಕೆಟ್ಟೇ ಅರ್ಧ ಬೆಲೆಗೆ ಸಿಕ್ಕಿತಂತೆ;
ಓಹಾಯೋದ ಹಲ್ಲಿನ ಡಾಕ್ಟರ ಹತ್ತಿರ
ಇಪ್ಪತ್ತು ವರ್ಷ ಫೋನೆತ್ತಿದ್ದಕ್ಕೆ
ನಿಮಗೆ ನೀವೇ ಕೊಟ್ಟುಕೊಂಡ ಉಡುಗೊರೆ.

ನಿಮ್ಮ ನೆತ್ತಿಯಲ್ಲಿ ಎರಡು ಸುಳಿ, ಡಾರ್ಲೀನ್.
ಈವರೆಗೆ ಯಾರೂ ಹೇಳಿರಲಿಲ್ಲವಂತೆ.
ತನ್ನ ನೆತ್ತಿ ತನಗೆಲ್ಲಿ ಕಾಣುತ್ತೆ?
ಬಲಗಡೆಯದು ಹೇಳಿದ ಮಾತು ಕೇಳಿತು:
ಬೈತಲೆ ತೆಗೆದೆ, ಮೂರೆಳೆ ಹಿಡಿದೆ, ತುದಿಗೊಂದು ಹಳದಿ ಮಣಿ.
ಎಡಗಡೆಯದು ಬಾಚಣಿಗೆಗೆ ಬಗ್ಗದೆ
ಬೆರಳಡಿಯಲ್ಲೇ ತಿರುಗಿ ತಿರುಗಿ ಎದ್ದಿತು.
ಇದು ಆಮೇಲೆ ಅಂದೆ.

ಎದುರಿನ ರಮ್ ಅಂಗಡಿಯ ಟೀವಿಯಲ್ಲಿ
ಅದೇ ಸುಳಿ, ಎಡಕ್ಕೇ,
ಬಿಳಿಗೂದಲಿನದು, ನಡುವೆ ಒಂದು ಸೊನ್ನೆ.
ಆಗಲೇ ಹೆಸರೂ ಇತ್ತು ಅದಕ್ಕೆ.
ಹುಟ್ಟುವ ಮುಂಚೆ ಹೆಸರಿಟ್ಟು ಕಾಯುವುದು ಗಾಳಿಗೆ ಮಾತ್ರ;
ನಮ್ಮಲ್ಲಿ ಕೂಸಿಗೂ ಜ್ಞಾನಸ್ನಾನದವರೆಗೆ ತಡೆಯುತ್ತೇವೆ.
ಹಗ್ಗ ಕಟ್ಟುವ ಫಿಲ್ಬರ್ಟ್
ಆಕಾಶ ನೋಡಲಿಲ್ಲ, ಹಕ್ಕಿ ನೋಡಲಿಲ್ಲ,
ನಿಮ್ಮ ಹಡಗಿನ ಹೊಗೆಕೊಳವೆ ನೋಡಿ ಹೇಳಿದ:
ಯೂಫ್ರೇಜಿ, ಕೈ ಚುರುಕು ಮಾಡು.

ಇಪ್ಪತ್ತೆರಡನೆಯ ಜಡೆಗೆ ಮಣಿ ಪೋಣಿಸುವಾಗ
ಹಡಗು ಕೂಗಿತು, ಹೊತ್ತಿಗೆ ಮೂರು ಗಂಟೆ ಮುಂಚೆ.
ನೀವು ಎದ್ದ ರಭಸಕ್ಕೆ ಕುರ್ಚಿ ಬಿತ್ತು.
ಅರ್ಧ ತಲೆ ಕಾರ್ನಿವಲ್‌ಗೆ ಹೊರಟಂತೆ,
ಅರ್ಧ ತಲೆ ಸಾವಿನ ಮನೆಯಿಂದ ಬಂದಂತೆ.
ಹದಿನೈದು ಡಾಲರ್ ಎಣಿಸಿ ಕೊಟ್ಟಿರಿ.
(ಎರಡು ಜಡೆ ನನಗೆ ಲುಕ್ಸಾನು. ಇರಲಿ.)
ಉಳಿದರ್ಧ ಮುಂದಿನ ವರ್ಷ! ಅಂದಿರಿ ಓಡುತ್ತಲೇ,
ಮಣಿಗಳು ಟಕಟಕ ಅಂದವು.
ಫಿಲ್ಬರ್ಟ್ ಹಗ್ಗ ಬಿಚ್ಚಿದ.
ಅಷ್ಟು ದೊಡ್ಡದು ಅಷ್ಟು ಬೇಗ ಚಿಕ್ಕದಾಗುವುದನ್ನು
ನಿಂತು ನೋಡಿದೆ.
ದಾರಿ ಬದಲಿಸುವ ಹಕ್ಕು ಟಿಕೆಟ್ಟಿನ ಬೆನ್ನಿಗೆ
ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತಂತೆ.
ತಪ್ಪು ಅನ್ನುತ್ತಿಲ್ಲ.
ನನ್ನ ಮನೆಗೆ ಚಕ್ರವಿದ್ದಿದ್ದರೆ
ನಾನೂ ತಳ್ಳಿಕೊಂಡು ಹೋಗುತ್ತಿದ್ದೆ.

ರಾತ್ರಿಯದನ್ನು ಹೆಚ್ಚು ಹೇಳಲಾರೆ.
ತಗಡು ಮೊದಲು ಮೊಳೆಯೊಂದಿಗೆ ಮಾತಾಡಿತು,
ಆಮೇಲೆ ಜಗಳ,
ಆಮೇಲೆ ತಗಡಿಲ್ಲ.
ಮಗಳು ಜೊಸೆಟ್, ನಾನು, ಪಕ್ಕದ ಮನೆಯ ಆಡು
ಅಡುಗೆ ಕಟ್ಟೆಯ ಕೆಳಗೆ ಒಂದೇ ಉಸಿರು ಹಂಚಿಕೊಂಡೆವು.
ನಡುರಾತ್ರಿ ಆ ಸೊನ್ನೆ ನಮ್ಮ ಮೇಲೇ ಬಂದು ನಿಂತಿತು:
ಗಾಳಿಯಿಲ್ಲ. ನೆತ್ತಿಯ ಮೇಲೆ ನಕ್ಷತ್ರ.
ಆಡು ಸುಮ್ಮನೆ ನನ್ನ ಲಂಗ ಮೆಲ್ಲುತ್ತಿತ್ತು.
ಮುಗೀತಾ? ಪಿಸುಗುಟ್ಟಿದಳು ಜೊಸೆಟ್.
ಅರ್ಧ, ಅಂದೆ.

ಬೆಳಿಗ್ಗೆ ಬೆಟ್ಟಕ್ಕೆ ಒಂದೆಲೆ ಇರಲಿಲ್ಲ.
ಎಷ್ಟೋ ತಲೆ ಕಂಡ ಕೈ ನನ್ನದು,
ಅಂಥ ಬೋಳು ನೋಡಲಾಗಲಿಲ್ಲ.
ಬಿದ್ದ ಜೀಗುಜ್ಜೆ ಸುಟ್ಟು ತಿಂದೆವು ಒಂಬತ್ತು ದಿನ.
ನಿಮ್ಮ ಹಡಗು ಅರೂಬಾದಲ್ಲಿ ಬಿಸಿಲು ಕಾಯಿಸುತ್ತಿತ್ತಂತೆ,
ಫಿಲ್ಬರ್ಟ್ ಎಲ್ಲಿಂದಲೋ ಕೇಳಿ ಬಂದ.
ಸಿಟ್ಟು ಬರಲಿಲ್ಲ. ಯೋಚನೆ ಬಂತು, ಅದೂ ಎಂಥದ್ದು ನೋಡಿ:
ಊಟದ ಹಾಲಿಗೆ ಹೇಗೆ ಹೋದಿರಿ ಆ ತಲೆಯಲ್ಲಿ?
ಇಪ್ಪತ್ತೆರಡನ್ನೂ ಬಿಚ್ಚಿದಿರೋ,
ಟೊಪ್ಪಿ ಹಾಕಿದಿರೋ?

ಮತ್ತೆ ಸೆಪ್ಟೆಂಬರ್. ಮನೆ ಮೇಲೆ ಇನ್ನೂ ಟಾರ್ಪಾಲು.
ಹಡಗುಗಳು ಬರುತ್ತವೆ, ಅರ್ಧ ಖಾಲಿ.
ಇಳಿಯುವವರ ಮುಖ ನೋಡುವುದು ಬಿಟ್ಟಿದ್ದೇನೆ,
ಬಗ್ಗಿ ಮೆಟ್ಟಿಲು ಹುಡುಕುವಾಗ ನೆತ್ತಿ ನೋಡುತ್ತೇನೆ.
ಈಗೀಗ ಹಟಮಾರಿ ಕಡೆಯಿಂದಲೇ ಶುರು ಮಾಡುವುದು;
ಸಾಧು ಕೂದಲು ಎಲ್ಲಿಗೂ ಓಡುವುದಿಲ್ಲ.

ಅಂದು ಲಂಗದ ಜೇಬಿನಲ್ಲಿ ಉಳಿದ ಹದಿನೆಂಟು ಹಳದಿ ಮಣಿ
ಬೇರೆ ಡಬ್ಬಿಯಲ್ಲಿವೆ, ಡಾರ್ಲೀನ್.
ಒಂದನ್ನು ಆಡು ಕಚ್ಚಿದೆ.
ಬೆಲೆ ಮಾತ್ರ ನಲವತ್ತು.