ಹೆಗಲ ಮ್ಯಾಲಿನ ಕೈ

ಗದಗಿನ ಟಾಂಗಾಕೂಟದ ಮೂಲ್ಯಾಗ ನಂದೊಂದು ಫ್ಲೆಕ್ಸ್ ಅಂಗಡಿ.
ಸತ್ತವರು ಮೊದಲು ನನ್ನ ಕಂಪ್ಯೂಟರಿಗೆ ಬರತಾರ,
ಆಮ್ಯಾಲ ಮಣ್ಣಿಗೆ.
ಆರು ಬೈ ನಾಕು, ನೀಲಿ ಆಕಾಶ, ಎರಡು ಬಿಳಿ ಪಾರಿವಾಳ,
ಎಡಕ್ಕೊಂದು ದೀಪ.
ಎಲ್ಲಾರಿಗೂ ಅದ ದೀಪ. ಎಂಟು ವರ್ಷಾತು,
ಎಣ್ಣಿ ತೀರಿಲ್ಲ.

ಈ ಸಲ ಶ್ರಾವಣ ಮುಗಿಯೂದ್ರಾಗ ಮೂರು ಮಂದಿ.

ಮೊದಲು ಚಂಪಾಬಾಯಿ ನರೇಗಲ್ಲ.
ಕಂಪನಿ ನಾಟಕದಾಗ ಮೂವತ್ತು ವರ್ಷ ಜಗಳಗಂಟಿ ಅತ್ತಿ.
ಆಕಿ ಪರದೆ ಹಿಂದ ಕೆಮ್ಮಿದರ ಸಾಕು,
ಮುಂದಿನ ಸಾಲಿನ ಖುರ್ಚಿ ಸುದ್ದಾ ನಗತಿದ್ದವು.
ಮಗಳು ತಂದ ಫೋಟೋದಾಗೆಲ್ಲಾ ನಾಲಗಿ ಹೊರಗ, ಕಣ್ಣು ಮ್ಯಾಲ.
‘ಸುಮ್ಮನ ಕುಂತದ್ದು ಒಂದೂ ಇಲ್ಲೇನವಾ?’
‘ಆಧಾರ ಕಾರ್ಡಿನಾಗ ಒಂದೈತ್ರೀ.
ಅದು ನಮ್ಮವ್ವ ಅನಸೂದಿಲ್ಲ.’
ನಾಲಗಿ ಹೊರಗಿದ್ದದ್ದನ್ನ ಹಾಕಿದೆ.
ಮ್ಯಾಲ, ದಪ್ಪ ಅಕ್ಷರದಾಗ, ಭಾವಪೂರ್ಣ ಶ್ರದ್ಧಾಂಜಲಿ.
ಓದಿದವರು ನಕ್ಕರು,
ನಕ್ಕಿದ್ದಕ್ಕ ಬಾಯಿ ಮ್ಯಾಲ ಕೈ ಇಟಗೊಂಡರು.

ಇಮಾಮಸಾಬ ಪೈಲವಾನರದು ಹಗೂರ ಮುಗೀತು.
ಗದೆ, ಪಟಗಾ, ಮೀಸಿ.
ಕೆಳಗ ದುಃಖತಪ್ತರು ಹದಿನೇಳು ಮಂದಿ, ಎಲ್ಲಾರೂ ಕರೇ ಕನ್ನಡಕ,
ಒಬ್ಬಾಂವಂತೂ ಫೋನ್ ಹಚ್ಚಿಕೊಂಡ ನಿಂತಾನ.
ಇವರಾಗ ಎಷ್ಟು ಮಂದಿ ಕುಸ್ತಿ ನೋಡ್ಯಾರ, ಕೇಳಲಿಲ್ಲ.
ರೊಕ್ಕಾ ಕೊಡಾವರು ಅವರ.

ತ್ರಾಸಾದದ್ದು ದೇವದಾನ ಹೊಸಮನಿಯವರದು.
ಬೆಟಗೇರಿ ಹಾಕಿ ತಂಡದ ಗೋಲ್‌ಕೀಪರ.
ಹಗಲೆಲ್ಲಾ ಹುಬ್ಬಳ್ಳಿ ರೈಲ್ವೆ ಕಾರಖಾನಿ,
ಸಂಜೀ ಪ್ಯಾಸೆಂಜರಿಗೆ ಇಳದು ಸೀದಾ ಮೈದಾನಕ್ಕ,
ಊಟದ ಡಬ್ಬಿ ಗೋಲುಗಂಬದ ಬುಡಕ್ಕ.
ಆಟದ ಚಿತ್ರದಾಗೆಲ್ಲಾ ಅವರು ದೂರ,
ಬಲಿ ಮುಂದ, ಹೆಸರಕಾಳಿನಷ್ಟ ಮುಖ.
ಫೋಟೋ ತಗಿಯಾಂವ ಯಾವತ್ತೂ
ಗೋಲು ಹೊಡದಾವನ ಕಡೆನ ತಿರಗತಿದ್ದ.
ತಡದಾವನ್ನ ಯಾರು ತಗೀತಾರ?

ಇದ್ದದ್ದೊಂದು ತಂಡದ ಫೋಟೋ. ಎಪ್ಪತ್ತೆಂಟನೇ ಇಸವಿ,
ಧಾರವಾಡದ ಕೆಂಪು ಮಣ್ಣು, ಹಿಂದಿನ ಸಾಲಿನಾಗ ಮೂರನೇದವರು.
ಆ ಕಡೆಯವರನ್ನ ಕೊಯ್ದೆ, ಈ ಕಡೆಯವರನ್ನ ಕೊಯ್ದೆ.
ಹೆಗಲ ಮ್ಯಾಲೊಂದು ಕೈ ಉಳೀತು.
ನಾಕು ಬಳ್ಳು. ನಡುವಿಂದು ಸೊಟ್ಟ,
ಯಾವಾಗೋ ಮುರದು ತಾನ ಕೂಡಿಕೊಂಡದ್ದು.
ಅಳಿಸಾಕ ಹೋದೆ, ಹೆಗಲ ಕುಸೀತು.
ಮಗ್ಗಲ ಅಂಗಿ ಬಣ್ಣ ತಂದು ತೇಪಿ ಹಚ್ಚಿದೆ,
ಸುಟ್ಟ ಗಾಯ ಕಂಡಂಗ ಕಂಡಿತು.
‘ಯಾರ ಕೈರೀ ಇದು?’ ಅಂದೆ.
ಅಳಿಯ ಬಗ್ಗಿ ನೋಡಿದ. ‘ಯಾರಿಗ್ಗೊತ್ತು. ಇರಲಿ ಬಿಡ್ರಿ.’
ಬಿಟ್ಟೆ.

ಆ ರಾತ್ರಿ ಉಳದ ಅರ್ಧಾ ಫೋಟೋ ಮುಚ್ಚಾಕ ಮರತಿದ್ದೆ.
ಹತ್ತು ಹುಡುಗುರು ನಕ್ಕೋತ ನಿಂತಿದ್ದರು,
ನಡುವ ಮನಷಾನ ಆಕಾರದ ತೂತು.
ಒಬ್ಬಾಂವಗ ಮಣಿಕಟ್ಟಿನಿಂದ ಮುಂದ ಏನೂ ಇಲ್ಲ,
ಆದರೂ ನಕ್ಕೋತ.
ನಾ ಇವರ ಆಟ ಒಂದೂ ನೋಡಿಲ್ಲ. ಚಂಪಾಬಾಯಿನ್ನೂ ನೋಡಿಲ್ಲ.
ಹಲ್ಲಿನ ಸಂದಿ, ಕಿವಿಯ ಮಚ್ಚಿ, ಕೊರಳಿನ ತಾಯತ,
ಹಿಗ್ಗಿಸಿ ಹಿಗ್ಗಿಸಿ ಅಷ್ಟ ಗೊತ್ತು.
ಇಷ್ಟ ಗೊತ್ತಿದ್ದರ ಮಣ್ಣಿಗೆ ಹೋಗಬೇಕೋ, ಬ್ಯಾಡೋ?
ಹೋಗಲಿಲ್ಲ. ಮರುದಿನ ಮುಂಜಾನೆ
ಒಂದು ಬರ್ತಡೇ ಆರ್ಡರ ಇತ್ತು.

ಮೂರು ದಿನಕ್ಕ ನಗರಸಭೆಯವರು ಎಲ್ಲಾ ಹರಕೊಂಡ ಹೋಗತಾರ.
ಹರಿಯಾಕ ಉಳದದ್ದು ಗಾಡಿಯವರಿಗೆ.
ಚಂಪಾಬಾಯಿ ಈಗ ಸ್ಟೇಶನ್ ರೋಡಿನ ಗಿರಮಿಟ್ಟಿನ ಗಾಡಿಗೆ ಮಾಡು,
ತಲೆಕೆಳಗ, ಒಳಮಗ್ಗಲ.
ಮಳಿ ಬಂದಾಗ ಅದರ ಬುಡಕ್ಕ ನಿಂತು
ಉಳ್ಳಾಗಡ್ಡಿ ಹೆಚ್ಚ ಹಾಕಸ್ಕೊಂಡೆ.
ಮ್ಯಾಲ ನೋಡಿದರ ನಾಲಗಿ.
ಮಗ್ಗಲ ನಿಂತ ಹುಡುಗೂ ನೋಡಿತು, ತಾನೂ ಹೊರಗ ಹಾಕಿತು.

ಬೆಟಗೇರಿಗೆ ಹೋದಾಗ ದೇವದಾನರ ಫ್ಲೆಕ್ಸೂ ಇರಲಿಲ್ಲ.
ನಗರಸಭೆ ಗಾಡಿ ಇನ್ನೂ ಈ ಕಡೆ ಬಂದಿಲ್ಲ ಅಂದರು.
ಕಂಬಕ್ಕ ನಾಕು ತುಂಡು ಹಗ್ಗ ಜೋತಾಡತಿದ್ದವು.
ಕೊಯ್ದದ್ದಲ್ಲ.
ನಾ ಹಾಕಿದ ಗಂಟು ನನಗ ಗೊತ್ತು,
ಒದ್ದಿ ಆದರ ಹಲ್ಲಿಗೂ ಬಗ್ಗೂದಿಲ್ಲ.
ಯಾರೋ ನಿಂತು, ಪುರಸೊತ್ತಿಲೆ,
ಒಂದೊಂದ ಬಿಚ್ಚಿದ್ದರು.