ಷರಾ

ನಂದೂರು ಇಂಡಸ್ಟ್ರಿಯಲ್ ಏರಿಯಾ, ಬೆಳಗಿನ ಆರೂವರೆ.
ಬಿಳಿ ಟೋಪಿ, ಗಂಬೂಟು,
ಮಾಸ್ಕಿನೊಳಗೆ ನನ್ನದೇ ಚಹಾದ ವಾಸನೆ.
ಕೈಯಲ್ಲಿ ಹನ್ನೊಂದು ಪುಟದ ನಮೂನೆ:
ಚೂರಿಯ ಉದ್ದ. ಅಲಗಿನಲ್ಲಿ ಮುಕ್ಕು ಇದೆಯೇ.
ಮೇವಿನಲ್ಲಿ ಏನೇನು ಬೆರೆತಿದೆ.
ಬಿಸಿನೀರಿಗೆ ಬೀಳುವ ಮುನ್ನ ಜೀವ ಪೂರಾ ಹೋಗಿತ್ತೇ.
ಸರಪಳಿಗೆ ಹಚ್ಚುವ ಗ್ರೀಸು ಯಾವ ಕಂಪನಿಯದು,
ಅದರೊಳಗಿನ ಕೊಬ್ಬು ಯಾವ ಪ್ರಾಣಿಯದು.
ಕೊಯ್ಯುವವರ ಹೆಸರು, ತಂದೆಯ ಹೆಸರು, ಸಹಿ.

ಎಲ್ಲಕ್ಕೂ ಸರಿ ಗುರುತು ಹಾಕುತ್ತ ಬಂದೆ.
ತಪ್ಪು ಹುಡುಕುವುದಕ್ಕೆ ನನಗೆ ಪಗಾರ,
ಸಿಗದಿದ್ದರೆ ಖುಷಿ, ಅದೂ ಖರೆ.

ಮೇಲಿಂದ ಸ್ಪೀಕರು ಹೇಳುತ್ತಿತ್ತು
ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್
ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್
ಕೆಳಗೆ ಕೊಕ್ಕೆಗೆ ಕಾಲು ಸಿಕ್ಕಿಸಿಕೊಂಡು
ತಲೆಕೆಳಗಾಗಿ ಬರುತ್ತಿದ್ದವು ಕೋಳಿಗಳು.
"ಧ್ವನಿ ಮಸ್ತ್ ಅದಲ್ರಿ ಮೇಡಂ," ಅಂದರು ಮ್ಯಾನೇಜರ್ ಕುತುಬುದ್ದೀನ್,
"ಹೈದರಾಬಾದಿನ ಖಾರಿಸಾಬ್ರು. ಸ್ಟುಡಿಯೋದಾಗ ಮಾಡ್ಸೀವ್ರಿ."
ಚೆಂದವೇ ಇತ್ತು ಧ್ವನಿ.
ಹತ್ತು ನಿಮಿಷ ನಿಂತು ಕೇಳಿದೆ.
ಒಮ್ಮೆಯೂ ಉಗುಳು ನುಂಗಲಿಲ್ಲ ಅದು.

ನಾನು ಸಣ್ಣಾಕಿ ಇದ್ದಾಗ ಮೋಮಿನಪುರದಲ್ಲಿ
ಲಾಡ್ಲೆಸಾಬ್ ಅಂತ ಇದ್ದರು.
ಅಂಗಡಿಗೆ ಬೋರ್ಡಿಲ್ಲ. ಗೋಣಿತಟ್ಟಿನ ಪರದೆ,
ಸವೆದ ಶಹಾಬಾದಿ ಫರಸಿ, ಅಲ್ಯೂಮಿನಿಯಂ ಬೋಗುಣಿಯಲ್ಲಿ ನೀರು.
ಚೂರಿ ಮಸೆಯುವುದು ಪರದೆಯ ಆಚೆ,
ಆಡಿಗೆ ಸಪ್ಪಳ ಕೇಳಬಾರದು.
ಗಿರಾಕಿ ಮಾತಿಗೆಳೆದರೆ ಕೆಳಗಿಡುತ್ತಿದ್ದರು:
"ಬಾಯಾಗ ಮಾತಿದ್ದಾಗ ಕೈಯಾಗ ಚೂರಿ ಇರಬಾರದು."
ಕೊನೆಗಾಲಕ್ಕೆ ಗಂಟಲು ಹೋಯಿತು. ದನಿಯೇ ಇಲ್ಲ.
ಆದರೂ ತುಟಿ. ಪ್ರತಿ ಸಲ, ತುಟಿ.
ಅವರನ್ನು ಯಾರೂ ಕಾಗದ ಕೇಳಲಿಲ್ಲ.
ಕೇಳಿದ್ದರೆ, ಈ ನಮೂನೆಯ ನಾಲ್ಕನೇ ಪುಟಕ್ಕೇ
ಫೇಲಾಗುತ್ತಿದ್ದರು:
ತೆರೆದ ಗಟಾರ, ನೊಣ,
ಗೂಟಕ್ಕೆ ಕಟ್ಟಿದ, ಕರುಳಿಗೆ ಕಾಯುವ ನಾಯಿ.

ಇಲ್ಲಿ ಅಲಗಿನ ಬಳಿ ನಿಂತವನು
ಆಳಂದ ಕಡೆಯ ಹುಡುಗ, ಬಂದಗೀಪಾಷಾ.
ಕಿವಿಯಲ್ಲಿ ಕಿತ್ತಳೆ ಬಣ್ಣದ ಬೆಂಡು,
ಯಂತ್ರದ ಗದ್ದಲಕ್ಕೆ; ಅದು ಸುರಕ್ಷತೆಯ ನಿಯಮ,
ಅದಕ್ಕೂ ಸರಿ ಗುರುತು ಹಾಕಿದ್ದೆ.
ಹಾಗಾದರೆ ಸ್ಪೀಕರು ಯಾರಿಗೆ?
ಅವನ ತುಟಿ ಅಲುಗುತ್ತಿತ್ತು.
ಗುಟಕಾನೋ, ಹೆಸರೋ, ತಿಳಿಯಲಿಲ್ಲ.

ಲೈನು ನಿಲ್ಲಿಸಲು ಹೇಳಿದೆ. ಬೆಂಡು ತೆಗೆಸಿದೆ.
ಏನಂತಿದ್ದಿ?
ಮ್ಯಾನೇಜರರನ್ನು ನೋಡಿದ, ಆಮೇಲೆ ತನ್ನ ಕೈಗವಸನ್ನು.
"ಲೆಕ್ಕಾ ಹಿಡೀಲತ್ತಿದ್ದೆ ರೀ. ತಾಸಿಗೆ ಹದಿನೈದುನೂರು.
ಹೆಸರು ತಗೊಂಡ್ರ ಲೆಕ್ಕ ತಪ್ತದ,
ಲೆಕ್ಕ ಹಿಡಿದ್ರ ಹೆಸರು.
ಹತ್ತಕ್ಕೊಮ್ಮೆ ಅಂತೀನ್ರಿ.
ಖರೇನ ಅಂತೀನಿ."

ನಿಂತ ಲೈನಿನಲ್ಲಿ ಕೋಳಿಗಳು ತೂಗಾಡುತ್ತಿದ್ದವು.
ಸ್ಪೀಕರಿಗೆ ಯಾರೂ ಹೇಳಿರಲಿಲ್ಲ,
ಅದು ಖಾಲಿ ಗಾಳಿಯನ್ನು ಹಲಾಲು ಮಾಡುತ್ತಲೇ ಇತ್ತು.

ಹನ್ನೊಂದನೇ ಪುಟದ ಕೊನೆಗೆ ಷರಾ ಅಂತ ಒಂದು ಕಾಲಂ,
ಎರಡು ಬೆರಳಗಲ.
ಬರೆದೆ: ಧ್ವನಿಮುದ್ರಣ ತೆಗೆಯತಕ್ಕದ್ದು.
ಎಣಿಕೆಗೆ ಬೇರೊಬ್ಬರನ್ನು ನೇಮಿಸತಕ್ಕದ್ದು.
ಒಂದು ಕೋಳಿಗೆ ಕನಿಷ್ಠ ಸೆಕೆಂಡು...

ಅಲ್ಲಿ ಪೆನ್ನು ನಿಂತಿತು.
ಗಡಿಯಾರ ನೋಡುತ್ತ ಮಾಸ್ಕಿನೊಳಗೇ ಒಮ್ಮೆ ಅಂದು ನೋಡಿದೆ.
ಎರಡು.
ಅವಸರ ಬಿಟ್ಟು ಅಂದರೆ ನಾಲ್ಕು.
ನೀರು ಕುಡಿಸಿ, ಕೊರಳು ನೇವರಿಸಿ,
ದನಿಯಿಲ್ಲದ ಗಂಟಲಿಂದ ಅಂದರೆ
ಅದಕ್ಕೆ ಕಾಲಮಿನಲ್ಲಿ ಜಾಗ ಸಾಲದು.

ನಾಲ್ಕು ಅಂತ ಬರೆದೆ.
ಕುತುಬುದ್ದೀನರು ಆಗಲೇ
ಕಿಸೆಯಿಂದ ಕ್ಯಾಲ್ಕುಲೇಟರ್ ತೆಗೆದಿದ್ದರು.