ಕಾಲಿಗೆ ಸಿಕ್ಕಿದ ವಯರು

ಹಳೆಯದಕ್ಕೆ ಪಿನ್ನು ತುರುಕಬೇಕಿತ್ತು,
ಒಂಚೂರು ಎಡಕ್ಕೆ ತಿರುಚಿ, ಅಡಿಗೆ ಬೆಂಕಿಪೆಟ್ಟಿಗೆ ಒತ್ತು ಕೊಟ್ಟು
ಉಸಿರು ಹಿಡಿದು ಕೂರಬೇಕಿತ್ತು.
ಹೊಸದಕ್ಕೆ ತೂತೇ ಇಲ್ಲವೇನೋ ಎಂದು
ಮೊದಲ ರಾತ್ರಿ ಬೆರಳಲ್ಲಿ ತಡವಿದೆ.
ಒಂದು ಬೆರಳಗಲ ದೂರವಿರುವಾಗಲೇ
ಟಕ್ಕನೆ ತಾನೇ ಹಾರಿ ಕಚ್ಚಿಕೊಂಡಿತು.
ಕೈ ಮಾತ್ರ ಇನ್ನೂ ಒತ್ತುತ್ತದೆ,
ವಾರ ಎರಡಾದರೂ.

ಮುಸಫ್ಫಾದ ಈ ಕೋಣೆಯಲ್ಲಿ ಆರು ಮಂಚ,
ಸರಿಯಿರುವುದು ಒಂದೇ ಪ್ಲಗ್ಗು.
ಅದು ಬಾಗಿಲ ಪಕ್ಕ; ನನ್ನ ಮಂಚ ಎಸಿಯ ಕೆಳಗೆ.
ನಡುವೆ ವಯರು, ದಾರಿಗೆ ಅಡ್ಡ.
ರಾತ್ರಿಪಾಳಿ ಮುಗಿಸಿ ಬಂದ ಸಂಜೀವ ಮೂಲ್ಯ
ಹೋದ ವರ್ಷ ಇಲ್ಲೇ ಎಡವಿದ್ದ.
ಹಳೆಯದು ನೆಲಕ್ಕೆ ಬಿದ್ದು ಕೀಲು ಮುರಿಯಿತು.
ಆಮೇಲೆ ಅದನ್ನು ಗೋಡೆಗೆ ಒರಗಿಸಿಯೇ ನಾನು
ಯಾರ್ಡಿನ ಹಾಜರಿ ಬರೆದದ್ದು,
ಅವನ ಓವರ್‌ಟೈಮನ್ನೂ, ಮಾತಿಲ್ಲದೆ.

ಇವತ್ತು ಮತ್ತೆ ಎಡವಿದ.
ವಯರು ಬಿಟ್ಟುಕೊಂಡಿತು, ಅಷ್ಟೆ.
ಪರದೆಗೆ ಗೊತ್ತೇ ಆಗಲಿಲ್ಲ.
ಅವನು ಕತ್ತಲಲ್ಲಿ ಒಂದು ಕಾಲೆತ್ತಿ
ಹಾಗೇ ನಿಂತಿದ್ದಾನೆ, ಬೈಗುಳಕ್ಕೆ ಕಾದು.

"ಏನೂ ಆಗ್ಲಿಲ್ಲ ಮಾರಾಯ, ಕಾಲು ಇಳಿಸು."

ಬಗ್ಗಿ ಹೆಕ್ಕಿ ಕೊಟ್ಟ.
ಅವನ ಕಾಲುಚೀಲದಿಂದ ಉದುರಿದ
ಗ್ರೈಂಡರಿನ ಕಬ್ಬಿಣದ ಪುಡಿ
ಅದರ ಬಾಯಿಗೆ ಮೀಸೆಯಂತೆ ಅಂಟಿತ್ತು.
ಟೇಪಿನ ತುಂಡಲ್ಲಿ ಒಂದೊಂದೇ ಎಬ್ಬಿಸಿದೆ.
"ನಾನೊಮ್ಮೆ ಹಾಕ್ಲಾ?" ಅಂದ.
ಹಾಕಿದ. ಟಕ್. ಕಿತ್ತ. ಮತ್ತೆ ಟಕ್.
ಮೇಲಿನ ಮಂಚದವನು ಗೊಣಗುವವರೆಗೂ.